ಆಚಾರ್ರ ಸೂರು, ನನ್ನ ವಿಮೆ

ಒಂದೇ ಕಡೆ ತಣ್ಣಗೆ ಕೂರುವ ಜಾಯಮಾನ ನನ್ನದಲ್ಲ. ಹದಿನಾರು ವರ್ಷದ ಟೀಚರ್ ಕೆಲಸದಲ್ಲಿ ಏಳು ಬಾಡಿಗೆ ಮನೆ ಕಂಡಿದ್ದೇನೆ: ಶ್ರೀರಂಗಪಟ್ಟಣದಲ್ಲಿ ಎರಡು, ಕೆ.ಆರ್. ಪೇಟೆಯಲ್ಲಿ ಎರಡು, ನಾಗಮಂಗಲದಲ್ಲಿ ಎರಡು, ಈಗಿನದು ಪಾಂಡವಪುರದ್ದು. ವರ್ಗಾವಣೆಯ ಮೇಲೆ ಗೂಬೆ ಕೂರಿಸಬಹುದು. ಆದರೆ ಅರ್ಧಕ್ಕರ್ಧ ಸಲ ನಾನೇ ಸಿಡುಕಿಕೊಂಡು ಗಂಟುಮೂಟೆ ಕಟ್ಟಿದವಳು. ಒಂದು ಕಡೆ ನೀರಿಗೆ ಜಗಳ, ಇನ್ನೊಂದು ಕಡೆ ನನ್ನ ಮನೆಗೆ ಯಾರು ಬಂದರು ಯಾರು ಹೋದರು ಅಂತ ಕಿಟಕಿಯಲ್ಲೇ ಬೀಡುಬಿಟ್ಟ ಮಾಲೀಕರು. ಒಂಟಿ ಹೆಂಗಸಿಗೆ ಮನೆ ಕೊಡುವವರು ಬೀಗದ ಕೈ ಜೊತೆಗೆ ಬುದ್ಧಿಮಾತನ್ನೂ ಕೊಡುತ್ತಾರೆ, ಅದಕ್ಕೆ ಬಾಡಿಗೆ ಇಲ್ಲ.

ವಿಮೆಯ ಹುಚ್ಚು ಹತ್ತಿದ್ದು ಶ್ರೀರಂಗಪಟ್ಟಣದಲ್ಲಿ. ಒಂದು ಮಳೆಗಾಲ ಅಣೆಕಟ್ಟಿನ ಬಾಗಿಲು ತೆಗೆದರು, ಹೊಳೆ ನೀರು ಹಿತ್ತಲು ದಾಟಿ ನನ್ನ ಅಡುಗೆ ಮನೆಗೇ ಬಂತು. ಹಾಸಿಗೆ, ಮಿಕ್ಸಿ, ಎರಡು ಟ್ರಂಕು ಪುಸ್ತಕ ಎಲ್ಲ ಹೋಯಿತು. ನೀರು ಇಳಿದ ಮೇಲೆ ಮಾಲೀಕರು ಬಂದು ಗೋಡೆ ಮುಟ್ಟಿ ನೋಡಿ, ಸುಣ್ಣ ಹೊಡೆಸಬೇಕು ಅಂತ ನನ್ನ ಅಡ್ವಾನ್ಸಿನಲ್ಲೇ ಮುರಿದುಕೊಂಡರು. ನನ್ನ ಸಾಮಾನಿನ ಗತಿ ಏನು ಅಂತ ಕೇಳಿದರೆ, “ಅದು ನಿಮ್ದಲ್ವಾ” ಅಂದರು. ಆ ಸಿಟ್ಟಿನಲ್ಲೇ ಹೋಗಿ ಸಹೋದ್ಯೋಗಿಯೊಬ್ಬಳ ಗಂಡನ ಹತ್ತಿರ ಬಾಡಿಗೆದಾರರ ವಿಮೆ ಮಾಡಿಸಿದೆ. ಅವತ್ತಿನಿಂದ ಒಂದು ವರ್ಷವೂ ತಪ್ಪಿಸಿಲ್ಲ.

ಸ್ಟಾಫ್ ರೂಮಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಮನೆಯೇ ನಿನ್ನದಲ್ಲ, ಅದಕ್ಕೇನು ವಿಮೆ ಅಂತ. ನಾನು ಪಾಠ ಶುರು ಮಾಡುತ್ತಿದ್ದೆ. ಗೋಡೆ, ಸೂರು, ಬಾಗಿಲು ಮಾಲೀಕರದ್ದು, ಅದಕ್ಕೆ ಅವರು ವಿಮೆ ಮಾಡಿಸಿಕೊಳ್ಳಬೇಕು. ಒಳಗಿನ ಮಂಚ, ಬಟ್ಟೆ, ಫ್ರಿಜ್ಜು ನನ್ನದು, ಅದಕ್ಕೆ ನನ್ನ ಪಾಲಿಸಿ. ಇನ್ನು ಮೂರನೆಯ ಭಾಗ ಒಂದಿದೆ, ನನ್ನ ತಪ್ಪಿನಿಂದ ಮಾಲೀಕರ ಮನೆಗೆ ಏಟು ಬಿದ್ದರೆ ಆ ಹೊಣೆಯನ್ನೂ ಕಂಪನಿ ಹೊರುತ್ತದೆ. ಇಷ್ಟು ಹೇಳಿ ಹುಬ್ಬು ಹಾರಿಸುತ್ತಿದ್ದೆ. ಪಾಲಿಸಿ ಪುಸ್ತಕದಲ್ಲಿ ನಾನು ಓದಿದ್ದು ಮೊದಲ ಎರಡು ಪುಟ ಅಷ್ಟೆ, ಮಿಕ್ಕಿದ್ದು ಏಜೆಂಟ್ ಹೇಳಿದ ಬಾಯಿಪಾಠ.

ಪಾಂಡವಪುರದ ಮನೆ ಒಬ್ಬ ಮರಗೆಲಸದ ಆಚಾರ್ರದ್ದು. ಮುಂದಿನ ಎರಡು ಅಂಕಣ ನನಗೆ, ಹಿಂದೆ ಅವರೂ ಅವರ ಹೆಂಡತಿಯೂ, ಅದರ ಹಿಂದೆ ಕೆಲಸದ ಕೊಟ್ಟಿಗೆ. ಹೆಂಚಿನ ಮನೆ. ತೊಲೆ ಕೆತ್ತಿದ್ದು ಅವರ ಅಪ್ಪ, ಉಜ್ಜುಗೊರಡು ಹಿಡಿದು ನಯ ಮಾಡಿದ್ದು ಆಗ ಹದಿನೆಂಟು ವರ್ಷದವರಾಗಿದ್ದ ಇವರು. ಬಂದ ಮೊದಲ ವಾರವೇ ಆಚಾರ್ರು ನನಗೆ ಆ ತೊಲೆಯಲ್ಲಿ ಒಂದು ಗಂಟು ತೋರಿಸಿದ್ದರು. ಅದನ್ನು ಬಿಡಿಸಲು ಹೋಗಿ ಉಳಿ ಮುರಿದುಕೊಂಡು ಅಪ್ಪನ ಕೈಯಲ್ಲಿ ಹೊಡೆತ ತಿಂದರಂತೆ. ನನ್ನ ಏಳು ಮನೆಗಳಲ್ಲಿ ನನಗೆ ಬಿಟ್ಟು ಹೋಗಲು ಮನಸ್ಸಾಗದ ಮನೆ ಇದೊಂದೇ. ಬಿಂಡಿಗನವಿಲೆ ಕಡೆಯ ಶಾಲೆಗೆ ವರ್ಗವಾದರೂ ಖಾಲಿ ಮಾಡಲಿಲ್ಲ. ದಿನಾ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು.

ಇವರಿಗೂ ನನ್ನ ವಿಮೆ ಪಾಠ ಮಾಡಿದ್ದೆ. ಮನೆಗೊಂದು ಪಾಲಿಸಿ ಮಾಡಿಸಿ ಅಂದರೆ ಆಚಾರ್ರು ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ನಕ್ಕರು. “ಸೂರು ನಮ್ ಕೈನಾಗೆ ಮಾಡಿರದು. ಏನಾರ ಆದ್ರೆ ನಮ್ ಕೈನಾಗೇ ಮಾಡ್ಕತೀವಿ. ಅದುಕ್ಯಾಕೆ ಇನ್ಸೂರೆನ್ಸು ಬುಡಿ.”

ಅದು ಜ್ಯೇಷ್ಠ ಮಾಸದ ಕೊನೆ. ಬೆಳಗ್ಗೆ ಮಂಚದ ಮೇಲೆ ಸೀರೆ ಹರಡಿಕೊಂಡು ಇಸ್ತ್ರಿ ಮಾಡುತ್ತಿದ್ದೆ. ಅರ್ಧ ಸೀರೆಗೆ ಕರೆಂಟ್ ಹೋಯಿತು. ಗಡಿಯಾರ ನೋಡಿದೆ, ನಾಗಮಂಗಲದ ಬಸ್ಸಿಗೆ ಹತ್ತು ನಿಮಿಷ. ಬೈದುಕೊಂಡು ಅರ್ಧ ಸುಕ್ಕಿನ ಸೀರೆಯನ್ನೇ ಸುತ್ತಿಕೊಂಡು, ಬೀಗ ಜಡಿದು ಓಡಿದೆ.

ಹನ್ನೊಂದೂವರೆಗೆ ಒಂಬತ್ತನೇ ತರಗತಿಯಲ್ಲಿದ್ದಾಗ ಆಚಾರ್ರ ಹೆಂಡತಿ ಫೋನ್ ಮಾಡಿದರು. “ಮೇಡಮ್ನೋರೆ, ಗಾಬ್ರಿ ಆಗ್ಬ್ಯಾಡಿ. ನಿಮ್ ರೂಮ್ಗೆ ಬೆಂಕಿ ಬಿದ್ಬುಟ್ಟಿತ್ತು. ಬೀಗ ಒಡ್ದು ಆರ್ಸಿದೀವಿ. ಯಾರ್ಗೂ ಏನೂ ಆಗಿಲ್ಲ ಕಣವ್ವ.”

“ಹೇಗೆ?” ಅಂದೆ.

“ಅದೇನೋ ವೈರು ಅಂತಾವ್ರೆ ನಮ್ಮೋರು.”

ಫೋನ್ ಇಡುವ ಮೊದಲೇ ನನಗೆ ಗೊತ್ತಾಗಿತ್ತು. ಕರೆಂಟ್ ಹೋಗಿತ್ತು, ನಾನು ಸ್ವಿಚ್ ಆರಿಸಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಮುಖ ಅಡಿ ಮಾಡಿ ಬಿಟ್ಟು ಬಂದಿದ್ದೆ. ಯಾವಾಗಲೋ ಕರೆಂಟ್ ಬಂದಿದೆ. ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲಿಟ್ಟೆನೋ ತಿಳಿಯದು, ಬ್ಯಾಗ್ ತೆಗೆದುಕೊಂಡು ರಸ್ತೆಗೆ ಬಂದಿದ್ದೆ.

ಬಿಂಡಿಗನವಿಲೆಯ ಬಸ್ಸು ಅವತ್ತು ಹೊರಟದ್ದೇ ಹೊತ್ತಾಗಿ. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಡ್ರೈವರು ಹಾರನ್ನೂ ಹೊಡೆಯದೆ, ಕುರಿ ಕಾಯುವವನ ಹತ್ತಿರ ಮರಿ ರೇಟು ವಿಚಾರಿಸುತ್ತಾ ಕೂತ. ನಾನು ಸೀಟಿನಿಂದ ಎದ್ದು ನಿಂತೆ. ನಿಂತರೆ ಬಸ್ಸು ಬೇಗ ಹೋಗುತ್ತದಾ ಅಂತ ಕಂಡಕ್ಟರು ಕೇಳಿದ. ಅವನನ್ನು ಕಚ್ಚಿ ತಿನ್ನಬೇಕು ಅನ್ನಿಸಿತು.

ನಾಗಮಂಗಲ ಬಸ್‌ಸ್ಟ್ಯಾಂಡಿನಲ್ಲಿ ವಿಮೆಯ ನಂಬರಿಗೆ ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಸ್ವಲ್ಪ ಹಾಡು ಕೇಳಿ. ಕಡೆಗೆ ಒಬ್ಬ ಹುಡುಗಿ ಸಿಕ್ಕಿ ನನ್ನ ದೂರು ಬರೆದುಕೊಂಡಳು. ನಷ್ಟ ನೋಡಲು ಕಂಪನಿ ಕಡೆಯಿಂದ ಸರ್ವೇಯರ್ ಬರುತ್ತಾರೆ, ಅಲ್ಲಿಯ ತನಕ ಒಂದು ಕಡ್ಡಿಯನ್ನೂ ಅಲುಗಿಸಬೇಡಿ, ಸುಟ್ಟದ್ದು ಸುಟ್ಟ ಹಾಗೇ ಇರಲಿ ಅಂದಳು. ತಕ್ಷಣ ಆಚಾರ್ರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹೆಂಡತಿಗೆ ಮಾಡಿದೆ. ಎತ್ತಲಿಲ್ಲ. ಪಾಂಡವಪುರ ಬರುವಷ್ಟರಲ್ಲಿ ಹನ್ನೊಂದು ಸಲ ಮಾಡಿದ್ದೆ. ಅವರು ಯಾಕೆ ಎತ್ತಲಿಲ್ಲ ಅನ್ನುವುದು ಬೀದಿ ತಿರುವಿನಲ್ಲೇ ತಿಳಿಯಿತು.

ಅವರು ಮನೆ ತೊಳೆಯುತ್ತಿದ್ದರು. ಅವರು ಮಾತ್ರವೇ ಅಲ್ಲ, ಅರ್ಧ ಬೀದಿ ಸೇರಿತ್ತು. ಆಚಾರ್ರ ಮನೆತನದಲ್ಲಿ ಒಂದು ಪದ್ಧತಿ. ಬೆಂಕಿ ಬಿದ್ದ ಮನೆಯ ಬೂದಿ ಹೊತ್ತು ಮುಳುಗುವ ತನಕ ಒಳಗಿರಕೂಡದು, ಎಲ್ಲ ತೆಗೆದು, ಸಗಣಿ ಸಾರಿಸಿ, ಅರಿಶಿನದ ನೀರು ಹಾಕಿ, ಅದೇ ಜಾಗದಲ್ಲಿ ಸಂಜೆಗೆ ದೀಪ ಹಚ್ಚಬೇಕು. ನನ್ನ ಮಂಚ, ಹಾಸಿಗೆ, ಬೀರು, ಬಟ್ಟೆ ಎಲ್ಲ ಸುಟ್ಟು ಕರಕಲಾಗಿದ್ದನ್ನು ಒಂದು ಗೂಡ್ಸ್ ಆಟೋ ತುಂಬ ಹೇರಿ ಆಗಲೇ ಸಾಗಿಸಿದ್ದರು. ನೆಲ ಫಳಫಳ ಅನ್ನುತ್ತಿತ್ತು. ತಲೆಯ ಮೇಲೆ ಮಾತ್ರ ಹೆಂಚು ಸಿಡಿದು ಆಕಾಶ ಕಾಣುತ್ತಿತ್ತು, ಅಪ್ಪ ಕೆತ್ತಿದ ತೊಲೆ ಒಂದು ಮಗ್ಗುಲು ಇದ್ದಿಲಾಗಿತ್ತು.

ಆಚಾರ್ರ ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಮುಖ ನೋಡಿದರು. “ನೀವ್ ಬಂದು ಅದ ನೋಡಿ ಹೊಟ್ಟೆ ಉರ್ಕಬಾರ್ದು ಅಂತ ಎಲ್ಲಾನೂವೆ ಎತ್ತಿಸ್ಬುಟ್ವಿ ಕಣವ್ವ.”

ಕೋಪ ಬಂತು, ಅಳು ಬಂತು. ನಾನು ಇಸ್ತ್ರಿ ಪೆಟ್ಟಿಗೆ ಹುಡುಕುತ್ತಿದ್ದೆ. ಅದು ಎಲ್ಲೂ ಇರಲಿಲ್ಲ. ಗೋಡೆಯ ಸ್ವಿಚ್ಚು ಆರಿತ್ತು. ಯಾರು ಆರಿಸಿದರು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಆಚಾರ್ರು ಬೀದಿಯವರಿಗೆಲ್ಲ ದೊಡ್ಡ ಗಂಟಲಲ್ಲಿ ಹೇಳುತ್ತಿದ್ದರು. “ಅಳೇ ವೈರು ಕಣ್ಲಾ. ನಮ್ದೇ ತಪ್ಪು. ಬದ್ಲಾಯಿಸ್ಬೇಕಿತ್ತು, ಇವತ್ತು ನಾಳೆ ಅಂದ್ಕಂಡು ಕುಂತೆ. ಮೇಡಮ್ನೋರ ಸಾಮಾನೆಲ್ಲ ಓಗ್ಬುಡ್ತು, ಪಾಪ.” ಹಾಗೆ ಹೇಳುವಾಗ ಅವರು ನನ್ನ ಕಡೆ ಒಂದು ಸಲ ನೋಡಿದರು. ನಾನು ನೆಲ ನೋಡಿದೆ.

ಅವತ್ತು ಸಂಜೆ ಅವರ ನಡುಮನೆಯಲ್ಲೇ ಕೂತು ಫೋನಿನಲ್ಲಿ ಪಾಲಿಸಿ ಓದಿದೆ. ಮೊದಲ ಸಲ ಪೂರ್ತಿ ಓದಿದ್ದು. ನನ್ನ ಸಾಮಾನಿಗೆ ತೊಂದರೆ ಇಲ್ಲ, ಬೆಂಕಿ ಹೇಗೆ ಬಿದ್ದರೂ, ನಾನು ಬೇಕೆಂದೇ ಹಚ್ಚಿರದಿದ್ದರೆ ಸಾಕು, ದುಡ್ಡು ಬರುತ್ತದೆ. ಆದರೆ ಸೂರು ನನ್ನದಲ್ಲ. ಸೂರಿಗೆ ಕಂಪನಿ ಒಂದು ಪೈಸೆ ಕೊಡಬೇಕಾದರೂ ಆ ಬೆಂಕಿ ನನ್ನ ತಪ್ಪಿನಿಂದಲೇ ಬಿದ್ದದ್ದಾಗಿರಬೇಕು. ವೈರಿನಿಂದ ಅಂದರೆ ಅದು ಮಾಲೀಕರ ತಪ್ಪು, ಮಾಲೀಕರಿಗೆ ವಿಮೆ ಇಲ್ಲ, ಅಲ್ಲಿಗೆ ಮುಗಿಯಿತು. ಆಚಾರ್ರು ನನ್ನ ಮಾನ ಕಾಯಲು ಆಡುತ್ತಿದ್ದ ಒಂದೊಂದು ಮಾತೂ ಅವರದೇ ಸೂರನ್ನು ಕಿತ್ತು ಹಾಕುತ್ತಿತ್ತು.

ಹೇಳಿಬಿಡಬೇಕಿತ್ತು. ಅಲ್ಲೇ, ನಾಲ್ಕು ಮಾರು ದೂರದಲ್ಲಿ, ಆಚಾರ್ರು ಗೋಡೆಗೆ ಒರಗಿ ಕಾಫಿ ಕುಡಿಯುತ್ತಾ ಕೂತಿದ್ದರು. ಅಷ್ಟರಲ್ಲಿ ಇನ್ನೊಂದು ಷರತ್ತು ಕಣ್ಣಿಗೆ ಬಿತ್ತು: ಕಂಪನಿಗೆ ತಿಳಿಸದೆ ವಿಮೆದಾರರು ಯಾವುದೇ ಮೂರನೆಯ ವ್ಯಕ್ತಿಯ ಮುಂದೆ ತಪ್ಪು ಒಪ್ಪಿಕೊಳ್ಳಕೂಡದು. ಓದಿ ನನಗಾದ ನಿರಾಳ ಈಗ ನೆನೆದರೂ ನಾಚಿಕೆಯಾಗುತ್ತದೆ. ಕಾನೂನೇ ಬಾಯಿ ಮುಚ್ಚಿಕೊಂಡಿರು ಅಂದ ಮೇಲೆ ನಾನೇನು ಮಾಡಲಿ ಅಂದುಕೊಂಡೆ. ಮೂರನೆಯ ವ್ಯಕ್ತಿಯ ಹೆಂಡತಿ ನನಗೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಉಂಡೆ.

ಮಾರನೆಯ ದಿನ ರಜೆ ಹಾಕಿದೆ. ಕೂರಲಾಗದು, ನಿಲ್ಲಲಾಗದು. ಬೀದಿ ಕೊನೆಯ ತನಕ ಹೋಗಿ ಬಂದೆ, ಮತ್ತೆ ಹೋದೆ. ಆಚಾರ್ರು ಟಾರ್ಪಾಲಿನ ಒಂದು ತುದಿ ಹಿಡಿದು ಏಣಿ ಹತ್ತುತ್ತಿದ್ದರು. ಎರಡು ವರ್ಷದಿಂದ ಅವರ ಬಲಭುಜ ಮೇಲೇಳುವುದಿಲ್ಲ, ಎಡಗೈಯಲ್ಲೇ ಹಗ್ಗ ಬಿಗಿಯುತ್ತಿದ್ದರು. ಮಳೆ ಇವತ್ತೋ ನಾಳೆಯೋ ಅನ್ನುವ ಹಾಗಿತ್ತು. ಕೆಳಗಿಳಿದು ಕೊಟ್ಟಿಗೆಯ ಮುಂದೆ ನಿಂತು ಲೆಕ್ಕ ಹಾಕಿದರು: ಒಂದು ತೊಲೆ, ಅದರ ಮೇಲೆ ಕೂರುವ ಒಂಬತ್ತು ಜಂತೆ, ಹೆಂಚಿನಡಿಯ ರೀಪು, ಆಳು. ಕೊಟ್ಟಿಗೆಯ ತುಂಬ ಮರ ಪೇರಿಸಿತ್ತು. ಹೊನ್ನೆ, ಹಲಸು, ಬೇವು. ಒಂದು ತುಂಡೂ ಅವರದಲ್ಲ. ಇಲ್ಲಿ ಗಿರಾಕಿಗಳು ತಮ್ಮ ಹೊಲದ ಮರ ಕೊಯ್ಯಿಸಿ ತಂದು, ಒಣಗಲಿ ಅಂತ ಆಚಾರ್ರ ಹತ್ತಿರ ಬಿಟ್ಟು ಹೋಗುತ್ತಾರೆ. ವರ್ಷ ಎರಡು ವರ್ಷ ಕಳೆದ ಮೇಲೆ ಬಾಗಿಲಿಗೋ ಮಂಚಕ್ಕೋ ಅಳತೆ ಕೊಡುತ್ತಾರೆ.

“ಸಿಂಧಘಟ್ಟದೋರ ಹೊನ್ನೆ ತೊಲೆ ಅದೆಯಲ್ಲ,” ಅಂದರು ಹೆಂಡತಿ. “ಅವ್ರು ಮುಂದಿನ್ವರ್ಸ ಬಾಗ್ಲು ಇಕ್ಸದು. ಅಷ್ಟೊತ್ಗೆ ಬ್ಯಾರೆ ತಂದಿಕ್ಕದಪ್ಪ.”

ಆಚಾರ್ರು ಅವರನ್ನು ದುರುಗುಟ್ಟಿಕೊಂಡು ನೋಡಿದರು. “ಇನ್ನೊಬ್ರ ಮರ ನಮ್ ಸೂರ್ಗೆ ಏರುಸ್ಲಾ? ತಲೆ ನೆಟ್ಗದಾ ನಿಂಗೆ?” ಆಮೇಲೆ ನನ್ನ ಕಡೆ ತಿರುಗಿ, “ಹೆಂಗೋ ಆಯ್ತದೆ ಬುಡಿ ಮೇಡಮ್ನೋರೆ. ನೀವ್ಯಾಕೆ ಸುಮ್ಕೆ ಅಂಗೆ ತಿರ್ಗಾಡೀರಿ, ಕುಂತ್ಕಳಿ” ಅಂದರು.

ಮೂರನೆಯ ದಿನ ಸರ್ವೇಯರ್ ಮೈಸೂರಿನಿಂದ ಬೈಕಿನಲ್ಲಿ ಬಂದ. ಬಾಗಿಲಲ್ಲೇ ಹೆಲ್ಮೆಟ್ ತೆಗೆದು, ಸಾರಿಸಿದ ನೆಲ, ಅದರ ನಡುವೆ ಇಟ್ಟ ದೀಪ ನೋಡಿ ಸುಸ್ತಾದ. “ಇಲ್ಲಿ ಸುಟ್ಟಿರೋದು ಏನ್ರೀ?” ಅಂದ. ಪುಣ್ಯಕ್ಕೆ ಎದುರು ಮನೆಯವರು ಬೆಂಕಿ ಆರಿಸುವಾಗ ಫೋನಿನಲ್ಲಿ ವಿಡಿಯೊ ಮಾಡಿದ್ದರು. ಅದರಲ್ಲಿ ನನ್ನ ಮಂಚ, ಬೀರು ಉರಿಯುವುದು ಕಾಣುತ್ತಿತ್ತು. ಸಾಮಾನಿಗೆ ಇಷ್ಟು ಸಾಕು ಅಂತ ಬರೆದುಕೊಂಡ. ಆಮೇಲೆ ಕೇಳಿದ, “ಕಾರಣ?”

“ವೈರು ಸಾ,” ಅಂದರು ಆಚಾರ್ರು. “ನಂದೇ ತಪ್ಪು. ಅವುರ್ದೇನೂ ಇಲ್ಲ.”

ಅವನು ಬರೆಯಲು ಶುರು ಮಾಡಿದ. ಪೆನ್ನು ಕಾಗದದ ಮೇಲೆ ಹೋಗುತ್ತಿದ್ದದ್ದು ನೋಡಿ ನನಗೆ ತಡೆಯಲಾಗಲಿಲ್ಲ. “ವೈರಲ್ಲ. ನಾನು ಇಸ್ತ್ರಿ ಪೆಟ್ಟಿಗೆ ಆರಿಸದೆ ಹೋಗಿದ್ದೆ. ಹಾಸಿಗೆ ಮೇಲೆ ಬಿಟ್ಟು ಹೋಗಿದ್ದೆ,” ಅಂದೆ. ಬಾಗಿಲಲ್ಲಿ ನಿಂತಿದ್ದ ನಾಲ್ಕಾರು ಮಂದಿ ನನ್ನ ಕಡೆಗೇ ತಿರುಗಿದರು.

“ಸುಮ್ಕಿರಿ ನೀವು,” ಅಂದರು ಆಚಾರ್ರು. “ಸಾ, ಅವ್ರು ಸಂಕ್ಟುಕ್ಕೆ ಅಂಗಂತಾವ್ರೆ. ಬರ್ಕಬ್ಯಾಡಿ.”

“ಬರ್ಕೊಳ್ಳಿ,” ಅಂದೆ.

“ಬರ್ಕಬ್ಯಾಡಿ ಸಾ. ವೈರೇ ಅದು.”

ಮಾಲೀಕ ತಪ್ಪು ತನ್ನದು ಅನ್ನುವುದು, ಬಾಡಿಗೆಯವಳು ಅಲ್ಲ ನನ್ನದು ಅನ್ನುವುದು. ಸರ್ವೇಯರ್ ಪೆನ್ನು ಮುಚ್ಚಿ, ಸ್ಟೂಲ್ ಹಾಕಿಕೊಂಡು ಹತ್ತಿ ಟಾರ್ಚ್ ಬಿಟ್ಟು ವೈರು ನೋಡಿದ. ಸ್ವಿಚ್‌ಬೋರ್ಡ್ ಬಿಚ್ಚಿದ. ಒಳಗೆ ವೈರು ಹೊಸದರ ಹಾಗಿತ್ತು, ಎಲ್ಲೂ ಕರಗಿರಲಿಲ್ಲ. ಮೂರು ವರ್ಷದ ಹಿಂದೆ ಆಚಾರ್ರೇ ನಿಂತು ಹಾಕಿಸಿದ ವೈರು ಅದು. ಕೆಳಗಿಳಿದು ಅವರ ಮುಖ ನೋಡಿ ಸರ್ವೇಯರ್ ಕೇಳಿದ, “ಯಜಮಾನ್ರೆ, ಇಸ್ತ್ರಿ ಪೆಟ್ಟಿಗೆ ಎಲ್ಲಿ?”

ಅರವತ್ತರ ಹತ್ತಿರದ ಮನುಷ್ಯ, ತನ್ನ ಮನೆಯ ನಡುವೆ, ತನ್ನ ಬೀದಿಯವರ ಮುಂದೆ, ಕೈಕಟ್ಟಿಕೊಂಡು ನಿಂತಿದ್ದರು. “ನಾಲೆಗೆ ಎಸ್ದೆ ಸಾ,” ಅಂದರು. “ಪ್ಲಗ್ಗು ಕಿತ್ತು, ಸ್ವಿಚ್ಚು ಆರ್ಸಿ, ನಾನೇ ತಗಂಡೋಗಿ ಎಸ್ದೆ. ಒಂಟಿ ಹೆಂಗ್ಸು. ಮನೆ ಸುಟ್ಟೋಳು ಅಂದ್ರೆ ಈ ಊರ್ನಾಗೆ ಯಾರು ಮನೆ ಕೊಟ್ಟಾರು?”

ಕಂಪನಿ ಒಪ್ಪಿತು. ಸೂರಿಗೂ ಬಂತು, ಪೂರ್ತಿ ಅಲ್ಲದಿದ್ದರೂ. ಹಳೆಯ ಮರ ಅಂತ ಸವಕಳಿ ಮುರಿದಿದ್ದರು. ಮರಕ್ಕೆ ವಯಸ್ಸಾದಷ್ಟೂ ಬೆಲೆ ಕಡಿಮೆ ಅಂತ ಯಾವ ಪುಸ್ತಕದಲ್ಲಿದೆಯೋ, ಆ ಪುಸ್ತಕ ಬರೆದವನು ಮರ ಮುಟ್ಟಿ ನೋಡಿರಲಾರ. ಆದರೂ ಹೊಸ ತೊಲೆಗೆ, ಜಂತೆಗೆ, ಇಬ್ಬರು ಆಳಿಗೆ ಸಾಲುವಷ್ಟಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಏಜೆಂಟಿನ ನಂಬರು ಕೇಳಿದರು. ನನಗೆ ಹೆಮ್ಮೆಯಾಗಬೇಕಿತ್ತು.

ಆಚಾರ್ರು ನನ್ನ ಜೊತೆ ಮಾತು ಬಿಟ್ಟಿದ್ದರು. ಬೈಯಲಿಲ್ಲ, ಖಾಲಿ ಮಾಡಿ ಅನ್ನಲಿಲ್ಲ. ಎದುರಿಗೆ ಬಂದರೆ ಪಕ್ಕಕ್ಕೆ ಸರಿಯುತ್ತಿದ್ದರು, ಹೇಳುವುದಿದ್ದರೆ ಹೆಂಡತಿಯ ಬಾಯಲ್ಲಿ ಹೇಳಿಸುತ್ತಿದ್ದರು. ಬೀದಿಯವರ ಮುಂದೆ ಅವರನ್ನು ಸುಳ್ಳುಗಾರನನ್ನಾಗಿ ಮಾಡಿದೆನಲ್ಲ, ಅದಕ್ಕೇ ಅಂದುಕೊಂಡೆ. ನನಗೂ ಒಳಗೊಳಗೇ ಸಿಟ್ಟು. ನಿಮ್ಮ ಸೂರಿಗೋಸ್ಕರ ನಾನು ಊರ ಮುಂದೆ ಮಾನ ಕಳೆದುಕೊಂಡೆ, ನೀವು ಮುಖ ತಿರುಗಿಸುತ್ತೀರಾ ಅಂತ. ಎಂಟನೇ ಮನೆ ಹುಡುಕೋಣವಾ ಅಂತ ಕೆ.ಆರ್. ಪೇಟೆಯ ಗೆಳತಿಗೆ ಫೋನೂ ಮಾಡಿದೆ. ಅಡ್ವಾನ್ಸ್ ಎಷ್ಟು ಅಂತ ಕೇಳಿ, ಉತ್ತರ ಬರುವ ಮೊದಲೇ ಬೇಡ ಬಿಡು ಅಂದೆ.

ಇಪ್ಪತ್ತು ದಿನ ಹಾಗೇ ಕಳೆಯಿತು. ಒಂದು ಭಾನುವಾರ ಮಧ್ಯಾಹ್ನ ಆಳುಗಳು ಊಟಕ್ಕೆ ಹೋಗಿದ್ದಾಗ ಅವರು ಕೊಟ್ಟಿಗೆಯಲ್ಲಿ ಒಬ್ಬರೇ ಹೊಸ ಜಂತೆಗೆ ಉಜ್ಜುಗೊರಡು ಹಾಕುತ್ತಿದ್ದರು. ನಾನು ಹೋಗಿ ಎದುರು ನಿಂತೆ. “ನಿಮಗೆ ಅವಮಾನ ಮಾಡಬೇಕು ಅಂತ ಹೇಳಲಿಲ್ಲ ಆಚಾರ್ರೆ. ಹೇಳದಿದ್ದರೆ ಸೂರಿಗೆ ದುಡ್ಡು ಬರುತ್ತಿರಲಿಲ್ಲ,” ಅಂದೆ. ನನ್ನ ಧ್ವನಿ ಜೋರಾಗಿತ್ತು.

ಅವರು ಕೈ ನಿಲ್ಲಿಸಿದರು. “ಸುಳ್ಳು ಯೋಳಿದ್ದು ನಾನು. ಅದು ನನ್ನ ತಲೆಗೆ. ಅದುಕ್ಕೆ ನಿಮ್ಮೇಲ್ಯಾಕೆ ಸಿಟ್ಟು?” ಅಂದರು. “ಅವತ್ತು ಸಂಜೆ ಬಂದ್ರಲ್ಲ, ನಾನು ಕಾಯ್ತಿದ್ದೆ. ಈಗ ಯೋಳ್ತಾರೆ, ಉಂಡ್ಮೇಲೆ ಯೋಳ್ತಾರೆ ಅಂತ. ಮೂರು ದಿವ್ಸ ನಮ್ಮೊಂದ್ಗೇ ಉಂಡ್ರಿ, ನಮ್ ನಡ್ಮನೇಲೇ ಮಲುಗುದ್ರಿ. ಕಡೀಕೆ ಯೋಳುದ್ರಿ. ಗೊತ್ತಿಲ್ದೆ ಇರೋ ಆ ಬೈಕ್ನಯ್ಯಂಗೆ ಯೋಳುದ್ರಿ. ದುಡ್ಡು ಬತ್ತದೆ ಅಂದಾಗ ಯೋಳುದ್ರಿ. ನಂಗೆ ಯೋಳ್ಲಿಲ್ಲ.”

ಷರತ್ತಿನ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಕಂಪನಿಗೆ ತಿಳಿಸುವ ತನಕ ಹೇಳುವ ಹಾಗಿರಲಿಲ್ಲ, ನೋಡಿ ಬೇಕಾದರೆ, ಅಚ್ಚಾಗಿದೆ. ಆದರೆ ಆ ಸಂಜೆ ಆ ಸಾಲು ಓದುವುದಕ್ಕೆ ಮೊದಲು ಎರಡು ಗಂಟೆ ನಾನು ಅವರ ಎದುರಿಗೇ ಕೂತಿದ್ದೆ. ಸರ್ವೇಯರ್ ಬಂದು ಹೋದ ಮೇಲೂ ಇಪ್ಪತ್ತು ದಿನ ಅದೇ ಮನೆಯಲ್ಲಿದ್ದೆ. ಯಾವ ಷರತ್ತೂ ನನ್ನ ಬಾಯಿ ಹಿಡಿದಿರಲಿಲ್ಲ.

“ಆಚಾರ್ರೆ,” ಅಂದೆ. “ಸ್ವಿಚ್ಚು ಆರಿಸೋದು ಮರೆತೆ. ನಿಮ್ಮಪ್ಪ ಕೆತ್ತಿದ ತೊಲೆ ಸುಟ್ಟದ್ದು ನಾನು. ತಪ್ಪಾಯಿತು.”

ಅವರು ಜಂತೆಯ ಮೇಲಿದ್ದ ಹೊಟ್ಟನ್ನು ಅಂಗೈಯಲ್ಲಿ ಒರೆಸಿದರು.

“ಗೊತ್ತು,” ಅಂದರು. “ನಿಮ್ ಬಾಯ್ನಾಗೆ ಕೇಳ್ಬೇಕಿತ್ತು, ಅಷ್ಟೇಯ.”